ಕರಿ ಅರಿವೆಯ ಹಸಿರು ಬಳೆ

ಮೂವತ್ತೆಂಟನೇ ಇಸವಿಯ ಕಾರ್ತಿಕ. ಚನ್ನಗಿರಿಯ ಹಳೇ ಪೇಟೆಯ ಅಂಗಳಗಳಲ್ಲಿ ಬೇಯಿಸಿದ ಅಡಿಕೆ ಬಿಸಿಲು ಕಾಯುತ್ತಿತ್ತು. ಪಾತ್ರೆಗೆ ಕಲಾಯಿ ಹಾಕುವವರ ತಿದಿ ಉಸಿರೆಳೆಯುತ್ತಿತ್ತು, ಅತ್ತರಿನ ಘಮ ಬೀದಿಗಿಳಿದಿತ್ತು. ಕಚೇರಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಗುಮಾಸ್ತ ಜಯದೇವಪ್ಪ ಒಂದೊಂದೇ ಅಂಗಡಿ ನೋಡುತ್ತ ರಹಮತ್‌ಬೀಯ ಬಳೆ ಅಂಗಡಿಗೆ ಬಂದ. ಹೆಂಡತಿ ಕಸ್ತೂರಮ್ಮನಿಗೆ ಏಳು ತಿಂಗಳು. ಹಸಿರು ಬಳೆ ಬೇಕಿತ್ತು.

ಮೊಳೆಗೆ ತೂಗುಬಿಟ್ಟ ಕರಿ ಅರಿವೆಯ ಗಂಟಿನಿಂದ ಐದು ಬಳೆ ಇಣುಕುತ್ತಿದ್ದವು. ಅವನು ಅತ್ತ ಬೆರಳು ಮಾಡಿದಾಗ ಮುದುಕಿ ದನಿ ತಗ್ಗಿಸಿದಳು.

"ಅವು ಮಾರಾಕಲ್ಲ ಸ್ವಾಮೇರೆ. ಯಾರೋ ಸವತಿಗೆ ಮಾಟ ಮಾಡಿಸಿದ್ದು. ತೊಟ್ರೆ ಹೊಟ್ಟ್ಯಾಗಿನ ಕೂಸು ಉಳಿಯಂಗಿಲ್ಲ. ಎಸೆದ್ರೆ ಯಾರಾದ್ರೂ ಎತ್ಕೊಂತಾರೆ ಅಂತ ಕಾಯ್ಕೊಂಡೀನಿ."

"ಗಾಜಿಗೂ ದೆವ್ವ ಹಿಡಿಯುತ್ತೇನು ಬೀಬಿ?" ಎಂದು ಅವನು ನಕ್ಕ.

ಮಧ್ಯಾಹ್ನದ ನಮಾಜಿಗೆ ಹೊತ್ತಾಗಿತ್ತು. ಅಂಗಡಿ ತುಸು ನೋಡಿಕೊಳ್ಳಿರೆಂದು ಅವನಿಗೇ ಒಪ್ಪಿಸಿ ಅವಳು ಪರದೆಯ ಹಿಂದೆ ಹೋದಳು. ಹೆಂಡತಿಗೆ ತೊಡಿಸಿ, ಏನೂ ಆಗದ್ದನ್ನು ತೋರಿಸಿ ಈ ಮೂಢರಿಗೆ ನಾಳೆ ಬುದ್ಧಿ ಹೇಳಬೇಕೆಂದುಕೊಂಡು ಜಯದೇವಪ್ಪ ಗಂಟನ್ನು ಕೋಟಿನ ಜೇಬಿಗಿಳಿಸಿ ನಡೆದ.

ಸಂಜೆ ಹೆಂಡತಿಯ ಬಲಗೈಗೆ ತಾನೇ ತೊಡಿಸಿದ. ದೀಪ ಹಚ್ಚುವ ಹೊತ್ತಿಗೆ ಮನೆಯೆಲ್ಲ ಕೂದಲು ಸುಟ್ಟ ವಾಸನೆ. ಬಳೆಗಳು ಕಿಣಿಕಿಣಿ ಅನ್ನತೊಡಗಿದವು. ಕಸ್ತೂರಮ್ಮ ಕೈ ಅಲ್ಲಾಡಿಸಿರಲಿಲ್ಲ. ಬಳೆ ಬಿಗಿಯಿತು. ಮಣಿಕಟ್ಟು ನೀಲಿಗಟ್ಟಿತು. ಅವನು ಗುಂಡುಕಲ್ಲಿನಿಂದ ಬಳೆಗೆ ಕುಟ್ಟಿದ. ಕಲ್ಲು ಸೀಳಿತು. ಗಾಜು ಒಡೆಯಲಿಲ್ಲ.

"ಕೂಸು ಮಿಸುಕಾಡ್ತಿಲ್ಲ ರೀ."

ಜಟಕಾ ಕಟ್ಟಿಸಿ ಪೇಟೆಗೆ ಓಡಿಸಿದ. ರಹಮತ್‌ಬೀ ಬಳೆ ನೋಡಿದಳು, ಅವನನ್ನು ನೋಡಿದಳು. ಕಸ್ತೂರಮ್ಮನ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು.

"ತೊಡಿಸುವಾಗ ಒಡೆದ್ರೆ ನಷ್ಟ ಬಳೆಗಾರ್ತೀದು, ತೊಡೋರ್ದಲ್ಲ. ಮಾಟಕ್ಕೂ ಅದೇ ಕಟ್ಟಳೆ. ಕೈ ಸಡ್ಲ ಬಿಡವ್ವಾ."

ಎಣ್ಣೆ ಸವರಿ ಬಳೆಯೊಂದನ್ನು ಬೆರಳ ಬುಡದವರೆಗೆ ಎಳೆದಳು. ಮತ್ತೆ ಒಳಕ್ಕೆ ತೊಡಿಸಿದಳು. ಒತ್ತಿದಳು. ಒಡೆಯಿತು. ರಹಮತ್‌ಬೀಯ ಕಿರುಬೆರಳು ಕಪ್ಪಾಗಿ ಸೆಟೆಯಿತು. ಇನ್ನೊಂದು. ಇನ್ನೊಂದು ಬೆರಳು. ಐದನೆಯದು ಒಡೆದಾಗ ಕಸ್ತೂರಮ್ಮ ಹೊಟ್ಟೆ ಹಿಡಿದುಕೊಂಡು ಅತ್ತಳು, ಕೂಸು ಒದ್ದಿತ್ತು.

ಬೀದಿಯ ಜನ ನೆರೆದಿದ್ದರು.

"ಇಂಥಾ ಬಳೆ ನಮ್ಮ ಯಜಮಾನ್ರಿಗೆ ಹೆಂಗೆ ಮಾರಿದೆಯಮ್ಮಾ?" ಎಂದಳು ಕಸ್ತೂರಮ್ಮ.

ರಹಮತ್‌ಬೀ ಜಯದೇವಪ್ಪನ ಮುಖ ನೋಡಿದಳು. ಕಾದಳು. ಅವನು ನೆಲ ನೋಡುತ್ತಿದ್ದ.

"ಮರೆವು ಅವ್ವಾ," ಎಂದಳು, ಸೆಟೆದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತ. "ವಯಸ್ಸಾತು."

ಮರುದಿನದಿಂದ ಯಾವ ಹೆಣ್ಣೂ ಆ ಅಂಗಡಿಯ ಕಟ್ಟೆ ಹತ್ತಲಿಲ್ಲ. ಕಚೇರಿಯಲ್ಲಿ ಯಾರಾದರೂ ಮುದುಕಿಯನ್ನು ಬೈದರೆ ಜಯದೇವಪ್ಪ ಕಡತದಿಂದ ತಲೆ ಎತ್ತುತ್ತಿರಲಿಲ್ಲ. ಅವಳಿಗೆ ಅವನು ಸಲ್ಲಿಸಬೇಕಾಗಿದ್ದದ್ದು ಒಂದೇ ಒಂದು ಮಾತು, ಬಳೆ ತಾನೇ ಒಯ್ದದ್ದೆಂದು. ಮತ್ತೆ ವರ್ಗವಾಗಿ ಹೋಗುವ ದಿನದವರೆಗೂ ಅದು ಅವನ ಬಾಯಿಂದ ಹೊರಡಲಿಲ್ಲ.