ಬ್ಲೇಜ್‌ಕೋರ್ ಡಬ್ಬಿಯ ಪ್ರಾಮಾಣಿಕ ಪರೀಕ್ಷೆ

ಜೀಲಾಂಗ್ ಊರಿನ ಗ್ರಾಂಟ್ ಹಿಲಿಯರ್‌ಗೆ ತನ್ನ ಓದುಗರನ್ನು ನೆನೆದರೆ ಮೈಯೆಲ್ಲ ಉರಿ. ಕಂಪ್ಯೂಟರ್ ಬಿಡಿಭಾಗಗಳನ್ನು ಪರೀಕ್ಷಿಸಿ ಬರೆಯುವ ಅವನ ಜಾಲತಾಣವನ್ನು ದೇಶದ ಕಂಪ್ಯೂಟರ್ ಹುಚ್ಚರೆಲ್ಲ ವೇದವಾಕ್ಯವೆಂದು ನಂಬುತ್ತಿದ್ದರು. ಆದರೆ ಒಬ್ಬನಾದರೂ ಜಾಹೀರಾತು ನೋಡಬೇಕಲ್ಲ? ಎಲ್ಲರೂ ಅದನ್ನು ತಡೆಯುವ ತಂತ್ರಾಂಶ ಹಾಕಿಕೊಂಡೇ ಒಳಗೆ ಬರುವವರು. ಉಂಡ ಮನೆಗೆ ದ್ರೋಹ ಬಗೆಯುವ ಜನ ಎಂದು ಅವನು ಹಲ್ಲು ಕಡಿಯುತ್ತಿದ್ದ.

ಹಾಗಿದ್ದರೆ ಜಾಹೀರಾತನ್ನೇ ಲೇಖನ ಮಾಡಿದರಾಯಿತು. ಬ್ಲೇಜ್‌ಕೋರ್ ಎಂಬ ಕಂಪನಿ, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಡಬ್ಬಿಯೊಂದನ್ನು ಕಳಿಸಿತ್ತು. ಹೊಗಳಿದರೆ ಕೈತುಂಬ ಕೊಡುತ್ತೇವೆ, ಕೊಟ್ಟ ಸುದ್ದಿ ಮಾತ್ರ ಎಲ್ಲೂ ಬರಕೂಡದು ಎಂದಿತ್ತು. ಗ್ರಾಂಟ್ ಡಬ್ಬಿ ಬಿಚ್ಚಿದ. ತೂಕ ಬರಲೆಂದು ಒಳಗೆ ಕಬ್ಬಿಣದ ತುಂಡು ಅಂಟಿಸಿದ್ದರು. ಮತ್ತೆ ಮುಚ್ಚಿದ.

ಅಷ್ಟರಲ್ಲಿ ಮರ್ವ್ ಫೋನ್ ಮಾಡಿದ. ತಾಣದ ಚರ್ಚಾವೇದಿಕೆಯನ್ನು ಸಂಬಳವಿಲ್ಲದೆ ಕಾಯುವ ಹಳೆಯ ಗೆಳೆಯ ಅವನು.

"ಡಬ್ಬಿ ಹೇಗಿದೆಯೋ? ನಮ್ಮ ಬೌಲ್ಸ್ ಆಟದ ಕ್ಲಬ್ಬಿನ ಕಂಪ್ಯೂಟರಿಗೆಲ್ಲ ಅದನ್ನೇ ಹಾಕ್ಸೋಣ ಅಂತಿದೀನಿ."

"ಬಂಗಾರ ಕಣೋ."

"ಹಾಗಾದ್ರೆ ಮುಗೀತು. ಕಣ್ಮುಚ್ಚಿ ನಂಬೋಕೆ ಇರೋದು ಇದೊಂದೇ ತಾಣ ಮಾರಾಯ. ಇದೂ ಕೆಟ್ರೆ ನಾನೇ ನಿಂತು ಬಾಗಿಲು ಹಾಕಿಸ್ತೀನಿ ನೋಡು."

ಗ್ರಾಂಟ್‌ಗೆ ನಾಚಿಕೆಯಾಯಿತು. ಚಹಾ ಕುಡಿದ ಮೇಲೆ ಹೋಯಿತು.

ಈ ಜನಕ್ಕೆ ಬರೀ ಹೊಗಳಿಕೆ ಹಿಡಿಸದು. ಅದಕ್ಕೇ ಮೊದಲು ಬೈದ. ಬಣ್ಣ ಸರಿಯಿಲ್ಲ, ತಂತಿ ಗಿಡ್ಡ, ರಟ್ಟಿನ ಪೆಟ್ಟಿಗೆಯಂತೂ ತೀರಾ ಕಳಪೆ. ಬೈಗುಳದ ಜೊತೆಗಾದರೆ ಹೊಗಳಿಕೆ ಬಾಳೆಹಣ್ಣಿನೊಳಗಿನ ಮಾತ್ರೆಯಂತೆ ಸಲೀಸಾಗಿ ಇಳಿಯುತ್ತದೆ. ಪರೀಕ್ಷೆಯ ಅಂಕಿಗಳನ್ನು ಬ್ಲೇಜ್‌ಕೋರ್ ಬದಲು ತನ್ನ ಸ್ವಂತ ದುಬಾರಿ ಡಬ್ಬಿಯಿಂದ ಅಳೆದ; ತೀರಾ ಚಂದ ಕಂಡವನ್ನು ತುಸು ಕೆಡಿಸಿದ. ಸುಳ್ಳು ಹೆಸರಿನಲ್ಲಿ ವೇದಿಕೆಗೆ ನುಗ್ಗಿ ತನ್ನನ್ನೇ ಅನುಮಾನಿಸಿದ, ತನ್ನ ಉತ್ತರಕ್ಕೆ ತಾನೇ ಸೋತ, ಕ್ಷಮೆಯನ್ನೂ ಕೇಳಿದ. ಆ ಕ್ಷಮಾಪಣೆ ಓದಿ ಅವನಿಗೇ ಕಣ್ಣು ತುಂಬಿತು.

ಇನ್ನು ಉಳಿದದ್ದು ಚಿತ್ರ. ಚಿತ್ರವಿಲ್ಲದ ಪರೀಕ್ಷೆಯನ್ನು ಇವರು ಮೂಸಿಯೂ ನೋಡುವುದಿಲ್ಲ. ಬ್ಲೇಜ್‌ಕೋರ್ ಡಬ್ಬಿಯನ್ನು ಕಂಪ್ಯೂಟರಿನ ಪಕ್ಕ ಕೂರಿಸಿ, ಡಬ್ಬಿಯ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ. ಕಂಪ್ಯೂಟರಿನ ಒಳಗಿನ ಬಣ್ಣದ ದೀಪಗಳನ್ನು ನಿಜವಾಗಿ ಉರಿಸುತ್ತಿದ್ದುದು ಮೇಜಿನ ಹಿಂದೆ ಅಡಗಿದ್ದ ದುಬಾರಿ ಡಬ್ಬಿ. 'ಹಗಲಿರುಳು ಪೂರ್ತಿ ಹೊರೆ ಹೊತ್ತರೂ ಬಿಸಿಯಾಗಲಿಲ್ಲ' ಎಂದು ಅಡಿಬರಹ ಬರೆದ. ಮುಚ್ಚುಮರೆ ಇಲ್ಲವೆಂದು ತೋರಿಸಲು ಚಿತ್ರವನ್ನು ಕುಗ್ಗಿಸದೆ ದೊಡ್ಡದಾಗಿಯೇ ಹಾಕಿದ.

ಮೆಚ್ಚುಗೆಗಳು ಒಂದರ ಹಿಂದೊಂದು ಬಂದವು. ಗ್ರಾಂಟ್ ಕಾಲು ಚಾಚಿ ಬಿಯರ್ ತೆರೆದ. ಆಗ ಎಲ್ಲರೂ ಓದುವ ಹಾಗೆ ಲೇಖನದ ಕೆಳಗೆ ಮರ್ವ್ ಬರೆದ: "ಬಿಸಿ ಆಗಲಿಲ್ಲ ಅಂದ್ಯಲ್ಲ, ಅದನ್ನ ಮಾತ್ರ ನಂಬ್ತೀನಿ ಕಣೋ. ಚಿತ್ರ ಹಿಗ್ಗಿಸಿ ನೋಡ್ದೆ. ನೀನು ಗೋಡೆ ಸ್ವಿಚ್ಚೇ ಹಾಕಿಲ್ಲ."