ಕುಂದಿಲ್ಲದ ಹೂಜಿ

ಬಲು ಹಿಂದೆ, ಏಳು ಕಡಲಾಚೆಯ ಒಂದು ರಾಜ್ಯದಲ್ಲಿ ನಾಗಲೆ ಎಂಬ ಕುಂಬಾರಗಿತ್ತಿ ಇದ್ದಳು. ಅವಳು ಮಾಡುತ್ತಿದ್ದುದು ನೀರು ತುಂಬುವ ಮಡಕೆಯಲ್ಲ, ಸುಮ್ಮನೆ ನೋಡುತ್ತ ಕೂರಬೇಕೆನಿಸುವ ಬಣ್ಣದ ಹೂಜಿ. ಚಿಕ್ಕಂದಿನಿಂದ ಅವಳಿಗೆ ಒಂದೇ ಹುಚ್ಚು: ನವಿಲಿನ ಕೊರಳ ನೀಲಿಯನ್ನು ಮಣ್ಣಿನ ಮೇಲೆ ತರಬೇಕು. ಮೂವತ್ತು ವರ್ಷ ಹೂಜಿ ಸುಡುವ ಆವಿಗೆಗೆ ಉರಿ ಹಾಕಿದರೂ ಅದು ಬಂದಿರಲಿಲ್ಲ.

ಆ ರಾಜ್ಯಕ್ಕೆ ಧೂಮಾಕ್ಷನೆಂಬ ಮಾಂತ್ರಿಕ ವಕ್ಕರಿಸಿದ. ಎದುರಾಡಿದವರನ್ನೆಲ್ಲ ಕತ್ತೆ ಮಾಡಿದ. ರಾಜನೂ ಕತ್ತೆಯಾದ, ಅಂಥ ವ್ಯತ್ಯಾಸವೇನೂ ಕಾಣಲಿಲ್ಲವೆಂದು ಕೆಲವರು ಅಂದರು. ನಾಗಲೆಯ ಗಂಡ ಮಾಚಯ್ಯನೂ ಕತ್ತೆಯಾದ. ಮಾಂತ್ರಿಕ ತನ್ನ ಪ್ರಾಣವನ್ನು ಒಂದು ಹೂಜಿಯಲ್ಲಿ ಇಟ್ಟುಕೊಂಡಿದ್ದ. ಅದು ಹಳತಾಗಿ ಜಿನುಗತೊಡಗಿತ್ತು. ಅವನ ಪ್ರಾಣ ಹೋದರೆ ಮಾಟವೂ ಅಳಿಯುವುದೆಂದು ಎಲ್ಲರಿಗೂ ಗೊತ್ತಿತ್ತು.

"ಕುಂದಿಲ್ಲದ ಹೂಜಿ ಮಾಡಿಕೊಡು, ನಿನ್ನ ಗಂಡನನ್ನು ಬಿಡ್ತೀನಿ. ಮೂರು ಸಲ ನೋಡ್ತೀನಿ. ಮೂರನೆಯದೂ ಕೆಟ್ಟರೆ ಅವನು ಸಾಯೋತನಕ ಕತ್ತೆಯೇ," ಎಂದು ಮಾಂತ್ರಿಕ ನಾಗಲೆಗೆ ಹೇಳಿದ.

ಮೊದಲ ಹೂಜಿಗೆ ಮೂರು ತಿಂಗಳು ಹಿಡಿಯಿತು. "ದಪ್ಪ," ಎಂದು ಒದ್ದ. ಎರಡನೆಯದಕ್ಕೂ ಮೂರು ತಿಂಗಳು. ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗಿತ್ತು. "ಬಣ್ಣ ಬೂದಿ," ಎಂದು ಗೋಡೆಗೆಸೆದ.

ನಾಗಲೆಯ ಸೊಂಟ ಬಿದ್ದುಹೋಗಿತ್ತು. ಬದುಕೇ ಸಾಕುಸಾಕಾಗಿತ್ತು. ಮಣ್ಣು ಹೊತ್ತು ತಂದ ಮಾಚಯ್ಯನ ಬೆನ್ನಿಗೊರಗಿ, "ನನ್ ಕೈಲಿ ಇನ್ನಾಗಲ್ಲ ಕಣಯ್ಯ," ಎಂದಳು. ಅವನು ಕಿವಿ ಅಲ್ಲಾಡಿಸಿದ. ಪಾಪ, ಮತ್ತೇನು ಮಾಡಿಯಾನು!

ಮೂರನೆಯ ಹೂಜಿ ಆವಿಗೆಯೊಳಗೆ ಸೇರಿತು. ಐದು ದಿನ ಉರಿ ಹಾಕಿ, ಕಿಂಡಿಯೊಳಗೆ ಸಲಾಕೆ ತೂರಿಸಿ, ಪರೀಕ್ಷೆಗೆಂದು ಹೂಜಿಯದೇ ಬಣ್ಣ ಬಳಿದು ಒಳಗಿಟ್ಟಿದ್ದ ಒಂದು ಪುಟ್ಟ ಬಿಲ್ಲೆಯನ್ನು ಹೊರಗೆಳೆದಳು. ಬಿಲ್ಲೆ ಆರುತ್ತ ಆರುತ್ತ ನೀಲಿಯಾಯಿತು. ನವಿಲಿನ ಕೊರಳ ನೀಲಿ! ನಾಗಲೆ ಅದನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದಳು. ಆವಿಗೆಯ ಬಾಯಿಗೆ ಮಣ್ಣು ಮೆತ್ತಿ ಅಲ್ಲೇ ಕೂತಳು. ಇನ್ನು ಐದು ದಿನ ಅದು ತಾನಾಗಿ ಆರಬೇಕು.

ಎರಡನೆಯ ದಿನವೇ ಮಾಂತ್ರಿಕ ಹಳೆಯ ಹೂಜಿಯನ್ನು ಅವುಚಿಕೊಂಡು ಓಡಿಬಂದ. ಅದರ ಬಿರುಕು ಬೆರಳಗಲವಾಗಿತ್ತು.

"ಆವಿಗೆಯ ಬಾಯಿ ತೆಗೆ!"

"ಬೇಡ. ಒಳಗಿನ್ನೂ ಬಿಸಿ ಇದೆ. ತಣ್ಣನೆ ಗಾಳಿ ತಾಗಿದರೆ ಸೀಳಿಹೋಗುತ್ತೆ."

"ನಾನು ಸಾಯಲಿ ಅಂತ ದಿನ ತಳ್ತಿದ್ದೀಯ. ನಿನ್ನ ಆಟ ನನಗೆ ಗೊತ್ತಿಲ್ವಾ?"

ಬೇರೆ ದಿನವಾಗಿದ್ದರೆ ಅವಳು ಆವಿಗೆಯ ಬಾಯಿಗೆ ಅಡ್ಡ ಮಲಗುತ್ತಿದ್ದಳು. ಯಾರು ಬಂದರೂ ಏಳುತ್ತಿರಲಿಲ್ಲ. ಇಂದು ಕತ್ತೆಯಾಗಿ ನಿಂತ ಗಂಡನ ಕಡೆ ನೋಡಿದಳು.

"ಹೇಳೋದು ಹೇಳಿದೀನಿ," ಎಂದು ಪಕ್ಕಕ್ಕೆ ಸರಿದಳು.

ಮಾಂತ್ರಿಕ ಬಾಯಿಗೆ ಮೆತ್ತಿದ್ದ ಮಣ್ಣು ಒಡೆದು ಹೊಸ ಹೂಜಿಯನ್ನು ಇಕ್ಕಳದಲ್ಲಿ ಹೊರಗೆಳೆದ. ಅದು ನೀಲಿಯಾಗಿ ಹೊಳೆಯಿತು. ನಾಗಲೆ ಕಣ್ತುಂಬ ನೋಡಿಕೊಂಡಳು. ಅವನು ಆತುರಾತುರವಾಗಿ ತನ್ನ ಪ್ರಾಣವನ್ನು ಅದರೊಳಕ್ಕೆ ಸುರಿದ. ಟಿಣ್ ಎಂದು ಹೂಜಿ ಹೋಳಾಯಿತು. ಮಾಂತ್ರಿಕ ಹೊಗೆಯಾಗಿ ಹೋದ.

ಕತ್ತೆಗಳೆಲ್ಲ ಮತ್ತೆ ಮನುಷ್ಯರಾದವು. ಊರಿಗೆ ಊರೇ ಕುಣಿಯಿತು. ನಾಗಲೆ ಗಂಡನ ಮುಖ ಸವರಿ ನಕ್ಕಳು. ಆಮೇಲೆ ನೆಲದಲ್ಲಿ ಕೂತು, ಹೋಳುಗಳನ್ನು ಮಡಿಲಿಗೆ ಹಾಕಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

"ನಾನು ಬಂದ್ನಲ್ಲೇ, ಇನ್ಯಾಕೆ ಅಳು?" ಎಂದ ಮಾಚಯ್ಯ.

"ನೀನು ಬಂದಿದ್ದಕ್ಕೆ ನಕ್ಕಾಯ್ತಲ್ಲಯ್ಯ. ಈ ಅಳು ಹೂಜಿಗೆ."

ಮಾಚಯ್ಯ ಪಕ್ಕದಲ್ಲಿ ಕೂತು ಹೋಳುಗಳನ್ನು ಆರಿಸಿಕೊಟ್ಟ.

ಅಂದಿನಿಂದ ಆ ರಾಜ್ಯದವರೆಲ್ಲ ಎರಡು ಕಾಲಿನ ಮೇಲೆ ನಡೆದು, ಹೊಟ್ಟೆ ತುಂಬ ಉಂಡು ಸುಖವಾಗಿ ಬಾಳಿದರು. ನಾಗಲೆ ಮಾತ್ರ ಮೊದಲ ಎಂಟು ದಿನ ಯಾರ ಕೈಗೂ ಸಿಗಲಿಲ್ಲ. ಮಲಗಿದ್ದಳು.