ಮೂರನೇ ರೇಸಿನ ಚೀಟಿ

"ಹಾಲಿಸ್! ನಿಲ್ಲು! ಆ ಡಬ್ಬಿಯೊಳಗೆ ಏನು ಹಾಕಿದೆ?"

ರೇಸ್ ಕಚೇರಿಯ ಬಾಗಿಲಲ್ಲೇ ವರ್ನಾ ಟ್ಯಾಕೆಟ್ ಅವನ ತೋಳು ಹಿಡಿದು ಜಗ್ಗಿದಳು. ಸುತ್ತ ನಿಂತಿದ್ದ ನಾಲ್ಕೈದು ಜನ ಹುಲ್ಲಿನ ಹ್ಯಾಟುಗಳ ಕೆಳಗಿನಿಂದ ತಿರುಗಿ ನೋಡಿದರು.

ಹಾಲಿಸ್ ಪ್ರೂಯಿಟ್‌ನ ಮುಖ ಬಿಳಿಚಿಕೊಂಡಿತು.

"ಏನಿಲ್ಲ ವರ್ನಾ... ದಾರಿ ಬಿಡು."

"ಏನಿಲ್ವಾ? ಕಣ್ಣಾರೆ ನೋಡಿದೀನಿ! ಅದು ಮೂರನೇ ರೇಸಿನ ಡಬ್ಬಿ. ಆ ರೇಸಲ್ಲಿ ಓಡ್ತಿರೋದು ನನ್ನ ಕ್ಲೋವರ್. ಯಾವ ಕುದುರೆಗೆ ಚೀಟಿ ಹಾಕಿದೆ? ಬಾಯಿ ಬಿಟ್ಟು ಹೇಳು!"

ಅವನು ತನ್ನ ಬೂಟಿನ ತುದಿಯನ್ನೇ ನೋಡುತ್ತ ನಿಂತ.

ಅದೇ ಅವಳಿಗೆ ಉತ್ತರವಾಯಿತು.

1934ರ ಆಗಸ್ಟ್. ಕೆಂಟಕಿಯ ಆ ಪುಟ್ಟ ರೇಸ್ ಮೈದಾನದಲ್ಲಿ ಇಂಥ ಪಂದ್ಯಗಳು ದಿನಾ ನಡೆಯುತ್ತಿದ್ದವು. ಓಡುವ ಪ್ರತಿ ಕುದುರೆಗೂ ಮೊದಲೇ ಒಂದು ಬೆಲೆ ಕಟ್ಟಿರುತ್ತಾರೆ. ಕುದುರೆ ಬೇಕಾದವನು ಅಷ್ಟು ದುಡ್ಡನ್ನು ಕಚೇರಿಯಲ್ಲಿಟ್ಟು, ರೇಸ್ ಶುರುವಾಗುವ ಮೊದಲು ಡಬ್ಬಿಯೊಳಗೆ ಚೀಟಿ ಹಾಕಬೇಕು. ಗೇಟು ತೆರೆದ ಕ್ಷಣದಿಂದ ಕುದುರೆ ಅವನದು. ಗೆದ್ದರೂ ಅವನದು, ಸತ್ತರೂ ಅವನದು. ಮಾರುವುದಿಲ್ಲ ಎಂದು ಹಳೇ ಯಜಮಾನ ಎದೆ ಬಡಿದುಕೊಂಡರೂ ಕೇಳುವವರಿಲ್ಲ.

ಹಾಗಿದ್ದರೆ ವರ್ನಾ ತನ್ನ ಪ್ರಾಣದಂಥ ಕುದುರೆಯನ್ನು ಅಲ್ಲಿ ಯಾಕೆ ಓಡಿಸಿದಳು ಅಂತೀರಾ? ಬೇರೆ ದಾರಿ ಇರಲಿಲ್ಲ! ತಿಂಗಳಿಗೆ ಒಮ್ಮೆಯಾದರೂ ಓಡದ ಕುದುರೆಗೆ ಲಾಯದಲ್ಲಿ ಜಾಗವಿಲ್ಲ ಎಂದು ಕಚೇರಿಯವರು ಕಡ್ಡಿ ಮುರಿದಂತೆ ಹೇಳಿದ್ದರು. ಜಾಗ ಉಳಿದಿದ್ದದ್ದು ಈ ಒಂದು ರೇಸಿನಲ್ಲಿ ಮಾತ್ರ. ಬೆಲೆ ಎಂಟುನೂರು ಡಾಲರ್.

ಮಾರ್ಚಿನಲ್ಲಿ ಅಪ್ಪ ಹೋದ ಮೇಲೆ ಅವಳಿಗೆಂದು ಉಳಿದಿದ್ದ ಒಂದೇ ಜೀವ ಕ್ಲೋವರ್. ಹುಟ್ಟಿದ ಗಳಿಗೆಯಲ್ಲಿ ಒದ್ದೆ ಮರಿಯನ್ನು ತನ್ನ ಲಂಗದಿಂದ ಒರೆಸಿದವಳು ಅವಳೇ.

*ದೇವರೇ, ಆ ಕ್ರೌಡರ್‌ನ ಕಣ್ಣು ಮಾತ್ರ ಇದರ ಮೇಲೆ ಬೀಳದಿರಲಿ...* ಎಂದು ಬೆಳಗಿನಿಂದ ಬೇಡುತ್ತಿದ್ದಳು. ಕ್ರೌಡರ್‌ನದು ಇಪ್ಪತ್ತು ಕುದುರೆಗಳ ದೊಡ್ಡ ಲಾಯ. ನೋಯುವ ಕಾಲಿಗೆ ಸೂಜಿ ಚುಚ್ಚಿ, ಮರಗಟ್ಟಿಸಿ ಓಡಿಸುತ್ತಿದ್ದ ಪುಣ್ಯಾತ್ಮ! ಅವನ ಕೈಗೆ ಸಿಕ್ಕ ಕುದುರೆ ಒಂದು ವರ್ಷ ಬಾಳಿದರೆ ಹೆಚ್ಚು.

ಇವತ್ತು ಬೆಳಿಗ್ಗೆ ಅದೇ ಕ್ರೌಡರ್ ಹಾಲಿಸ್‌ನ ಹೆಗಲ ಮೇಲೆ ಕೈಹಾಕಿ ನಗುನಗುತ್ತಾ ಮಾತಾಡುತ್ತಿದ್ದುದನ್ನು ಅವಳು ಕಂಡಿದ್ದಳು. ಈಗ ಎಲ್ಲ ಅರ್ಥವಾಯಿತು. ಅರ್ಥವಾಯಿತು ಎಂದುಕೊಂಡಳು.

"ಕ್ರೌಡರ್‌ಗೋಸ್ಕರ ಹಾಕಿದೆ, ಅಲ್ವಾ? ಎಷ್ಟು ಕೊಟ್ಟ ನಿನಗೆ?"

"ವರ್ನಾ, ನಾನು ಈಗ ಏನೂ ಮಾತಾಡೋ ಹಾಗಿಲ್ಲ..."

"ಆರು ವಾರ ನಾನು ಏಳೋ ಮೊದಲೇ ಬಂದು ಕ್ಲೋವರ್‌ಗೆ ನೀರು ತುಂಬಿಟ್ಟೆಯಲ್ಲ, ಅದು ಇದಕ್ಕೇನಾ? ಕಾಲು ಹೇಗಿದೆ, ಹಲ್ಲು ಹೇಗಿದೆ ಅಂತ ನೋಡಿಕೊಂಡು ಹೋಗಿ ಅವನಿಗೆ ವರದಿ ಒಪ್ಪಿಸೋಕಾ?"

"ಹಂಗಲ್ಲ..."

"ಕಳ್ಳ! ಎದುರಿಗೆ ಬಂದು ಕದಿಯೋ ಧೈರ್ಯವೂ ಇಲ್ಲದ ಕಳ್ಳ!"

ಹೊಡೆತ ಬಿದ್ದವನಂತೆ ಹಾಲಿಸ್ ಕಣ್ಣು ಮುಚ್ಚಿ ತೆರೆದ.

ವರ್ನಾ ಅವನ ತೋಳು ಬಿಟ್ಟಳು. ಈ ತೋಳಿಗೆ ಒರಗಿ ಒಮ್ಮೆ ಮನಸಾರೆ ಅಳಬೇಕು ಎಂದು ಎಷ್ಟೋ ರಾತ್ರಿ ಅಂದುಕೊಂಡಿದ್ದಳು. ಅದನ್ನು ನೆನೆದು ತನ್ನ ಮೇಲೇ ಅಸಹ್ಯವಾಯಿತು.

ಹೆಸರು ಹಿಂತೆಗೆಯುವ ಹೊತ್ತು ಬೆಳಿಗ್ಗೆ ಒಂಬತ್ತಕ್ಕೇ ಮುಗಿದಿತ್ತು. ಈಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಜೀನು ಬಿಗಿದ ಕ್ಲೋವರ್ ಅವಳ ಜೇಬಿಗೆ ಮೂತಿ ತೂರಿಸಿ ಕ್ಯಾರೆಟ್ ಹುಡುಕಿತು.

"ಇಲ್ಲ ಕಣೇ, ಇವತ್ತು ತಂದಿಲ್ಲ," ಎಂದು ಅವಳು ಅದರ ಹಣೆ ಸವರಿದಳು.

ಗೇಟು ತೆರೆಯಿತು.

ಅಷ್ಟೇ. ಕ್ಲೋವರ್ ಇನ್ನು ಅವಳದಲ್ಲ.

ಕಟಕಟೆಯ ಕಂಬಿ ಹಿಡಿದು ನಿಂತವಳಿಗೆ ಜನರ ಕೂಗು ಕೇಳಿಸಲಿಲ್ಲ. ಏಳು ಕುದುರೆಗಳಲ್ಲಿ ಕ್ಲೋವರ್ ನಾಲ್ಕನೆಯದು... ಮೂರನೆಯದು... ದೂರದ ತಿರುವಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಮುಂದೆ ಬಂತು! ಇಡೀ ಗ್ಯಾಲರಿ ಎದ್ದು ನಿಂತಿತು.

ಆಗಲೇ ಅದರ ಮುಂಗಾಲು ಮಡಚಿತು. ಮುಗ್ಗರಿಸಿ, ಹೇಗೋ ಸಾವರಿಸಿಕೊಂಡು, ಮೂರೇ ಕಾಲಿನಲ್ಲಿ ಕುಂಟುತ್ತಾ ನಿಂತುಬಿಟ್ಟಿತು. ಸವಾರ ಕೆಳಗೆ ಧುಮುಕಿ ಲಗಾಮು ಹಿಡಿದ. ಉಳಿದ ಕುದುರೆಗಳು ಧೂಳೆಬ್ಬಿಸಿ ಪಕ್ಕದಿಂದ ಹಾದುಹೋದವು.

"ಕ್ಲೋವರ್!"

ವರ್ನಾ ಕಂಬಿಯ ಕೆಳಗೆ ನುಸುಳಿ ಓಡಿದಳು. ಟೋಪಿ ಬಿತ್ತು, ಒಂದು ಬೂಟು ಮಣ್ಣಿನಲ್ಲಿ ಸಿಕ್ಕಿ ಕಳಚಿತು. ಅವಳು ನಿಲ್ಲಲಿಲ್ಲ.

ಕುದುರೆ ಡಾಕ್ಟರು ಆಗಲೇ ಮಂಡಿಯೂರಿ ಕಾಲು ಮುಟ್ಟಿ ನೋಡುತ್ತಿದ್ದರು. ಅವರ ಚೀಲದ ಮೇಲೆ ಪಿಸ್ತೂಲು ಇತ್ತು.

"ಬೇಡ! ಡಾಕ್ಟರೇ, ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ!"

ಕಚೇರಿಯ ಗುಮಾಸ್ತ ಅಡ್ಡ ಬಂದ. "ನೋಡಮ್ಮ, ಈ ಕುದುರೆ ಈಗ ನಿಂದಲ್ಲ. ಚೀಟಿ ಬಿದ್ದಿದೆ. ಹೊಸ ಯಜಮಾನ ಹೇಳಿದ ಹಾಗೆ ಆಗಬೇಕು."

"ಅವನು ಗುಂಡು ಹೊಡೀರಿ ಅಂತಾನೆ! ಆ ಕ್ರೌಡರ್‌ಗೆ ಓಡದ ಕುದುರೆ ಯಾಕೆ ಬೇಕು? ಒಂದೇ ನಿಮಿಷ ತಡೀರಿ... ನಾನು ಅವನ ಹತ್ರ ಬೇಡಿಕೊಳ್ತೀನಿ..."

"ಕ್ರೌಡರ್ ಯಾಕಮ್ಮ?" ಗುಮಾಸ್ತ ಕೈಲಿದ್ದ ಕಾಗದ ನೋಡಿದ. "ಯಜಮಾನ ಹಾಲಿಸ್ ಪ್ರೂಯಿಟ್."

ವರ್ನಾ ಕಲ್ಲಾದಳು. *ಹಾಲಿಸ್? ಅವನ ಹತ್ರ ಎಂಟುನೂರು ಡಾಲರ್ ಎಲ್ಲಿಂದ ಬಂತು?*

ಹಾಲಿಸ್ ಏದುಸಿರು ಬಿಡುತ್ತ ಬಂದ. ಅವಳ ಕಡೆ ನೋಡಲಿಲ್ಲ. ನೇರ ಕ್ಲೋವರ್‌ನ ಕುತ್ತಿಗೆ ತಬ್ಬಿ, ನಡುಗುತ್ತಿದ್ದ ಅದರ ಕಿವಿಯ ಬಳಿ ಏನೋ ಪಿಸುಗುಟ್ಟಿದ.

"ನರ ಕಿತ್ತಿದೆ," ಎಂದರು ಡಾಕ್ಟರು. "ಮೂಳೆ ಮುರಿದ ಹಾಗಿಲ್ಲ. ಬದುಕಿದರೂ ಇನ್ನು ಓಡಲ್ಲ ಮಾರಾಯ. ತಿಂಗಳುಗಟ್ಟಲೆ ಆರೈಕೆ ಬೇಕು. ಮುಗಿಸಿಬಿಡೋದು ಸುಲಭ."

"ಪಿಸ್ತೂಲು ಚೀಲದೊಳಗೆ ಇಡಿ ಡಾಕ್ಟರೇ."

"ಯೋಚನೆ ಮಾಡಿ ಹೇಳು."

"ಮಾಡಿಯೇ ಹೇಳಿದೀನಿ. ಒಳಗೆ ಇಡಿ!"

ಅಷ್ಟರಲ್ಲಿ ಹಿಂದಿನಿಂದ ಗಹಗಹಿಸುವ ನಗು ಕೇಳಿತು. ಕ್ರೌಡರ್ ಸಿಗಾರ್ ಕಚ್ಚಿಕೊಂಡು ನಿಧಾನವಾಗಿ ನಡೆದು ಬರುತ್ತಿದ್ದ.

"ಬಚಾವಾದೆನಪ್ಪಾ! ಎರಡು ಚೀಟಿ ಬಿದ್ದಿದ್ವು, ನಂದೊಂದು, ಇವನದೊಂದು. ಕಚೇರಿಯವರು ನಂಬರಿನ ಕಾಯಿ ಕುಲುಕಿ ಒಂದು ತೆಗೆದರೆ ಇವನ ನಂಬರೇ ಬರಬೇಕಾ? ಆಗ ಹೊಟ್ಟೆ ಉರಿದಿತ್ತು. ಈಗ ತಣ್ಣಗಾಯ್ತು ನೋಡು!" ಎಂದು ಹಾಲಿಸ್‌ನ ಬೆನ್ನು ತಟ್ಟಿದ. "ಇದಕ್ಕೆ ಚೀಟಿ ಹಾಕ್ತೀನಿ ಅಂತ ಬೆಳಿಗ್ಗೆ ನಾನು ಬಾಯಿ ಬಿಟ್ಟು ಹೇಳಿದ್ದೇ ತಡ, ನಿನಗಿದ್ದ ಒಂದೇ ಕುದುರೆ, ಆ ಮೇಜರ್‌ನನ್ನು ಲೆಕ್ಸಿಂಗ್ಟನ್ನಿನ ಜಡ್ಜಿಗೆ ಮಾರಿ ದುಡ್ಡು ಹೊಂದಿಸಿದೆಯಲ್ಲೋ ಪೆದ್ದ! ಯಾರಿಗೋಸ್ಕರ? ಈ ಕುಂಟಿಗೋಸ್ಕರವೋ, ಆ ಹುಡುಗಿಗೋಸ್ಕರವೋ?"

ಹಾಲಿಸ್ ತನ್ನ ಕೋಟು ಕಳಚಿ ಕ್ಲೋವರ್‌ನ ಬೆನ್ನ ಮೇಲೆ ಹೊದಿಸಿದ.

ವರ್ನಾಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. *ಕಳ್ಳ ಅಂದೆನಲ್ಲ... ಎಲ್ಲರೆದುರು ಕಳ್ಳ ಅಂದೆನಲ್ಲ...*

ಸಂಜೆ ಆರಾಗಿತ್ತು. ಜನ ಕರಗಿದ್ದರು.

ಮೈದಾನದ ಬೇಲಿಯಾಚೆ ಹಾಲಿಸ್‌ನ ಸ್ವಂತ ಲಾಯದಲ್ಲಿ ಕ್ಲೋವರ್ ಐಸಿನ ಬಕೆಟ್ಟಿನೊಳಗೆ ಕಾಲಿಟ್ಟು ನಿಂತಿತ್ತು. ಅವನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಾಲು ನೀವುತ್ತಿದ್ದ. ಪಕ್ಕದ ಕೋಣೆ ಖಾಲಿ. ಬೆಳಗಿನವರೆಗೆ ಅಲ್ಲಿ ಮೇಜರ್ ಇದ್ದ.

ವರ್ನಾ ಬಾಗಿಲಲ್ಲೇ ನಿಂತಳು. ಕಚೇರಿಯವರು ಕೊಟ್ಟ ಲಕೋಟೆ ಕೈಯಲ್ಲಿತ್ತು.

"ಹಾಲಿಸ್... ಒಂದು ಮಾತು ಹೇಳಬಾರದಿತ್ತಾ? ಒಂದೇ ಒಂದು ಮಾತು?"

"ಹೇಳಿದ್ರೆ ಇಬ್ಬರೂ ಸೇರಿ ಮಾಡಿದ ಒಳಸಂಚು ಆಗ್ತಿತ್ತು. ನಿನ್ನ ಲೈಸೆನ್ಸೂ ಹೋಗ್ತಿತ್ತು, ನನ್ನದೂ. ಇನ್ನು ಜನ್ಮದಲ್ಲಿ ಕುದುರೆ ಲಾಯದ ಹತ್ತಿರ ಬಿಡ್ತಿರಲಿಲ್ಲ." ಅವನು ತಲೆ ಎತ್ತಲಿಲ್ಲ. "ನೀನು ಬೈದಿದ್ದೇ ಒಳ್ಳೇದಾಯ್ತು. ನಾವು ಮಾತಾಡಿಕೊಂಡಿಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು."

"ಹಾಗೆ ಅನ್ನಬೇಡ! ನನ್ನ ನಾಲಿಗೆ ಸೀದುಹೋಗಲಿ..." ಅವಳು ಬಿಕ್ಕಿದಳು. "ತಗೋ, ನಿನ್ನ ದುಡ್ಡು. ನನಗೆ ಬೇಡ."

"ಅದನ್ನ ವಾಪಸ್ ತಗೊಂಡ್ರೂ ಒಳಸಂಚೇ. ಕ್ಲೋವರ್ ಮೂವತ್ತು ದಿನ ನಿನ್ನ ಲಾಯಕ್ಕೆ ಬರೋ ಹಾಗಿಲ್ಲ, ನಿನಗೆ ಮಾರೋ ಹಾಗೂ ಇಲ್ಲ. ನಿಯಮ."

"ಹಾಗಾದ್ರೆ ನಾಳೆ ಲೆಕ್ಸಿಂಗ್ಟನ್‌ಗೆ ಹೋಗಿ ಮೇಜರ್‌ನ ಕೊಂಡು ತರ್ತೀನಿ. ಜಡ್ಜಿ ಕೊಡಲ್ಲ ಅಂದ್ರೆ ಅವರ ಅಂಗಳದಲ್ಲೇ ಕೂತ್ಕೋತೀನಿ."

ಈಗ ಅವನು ತಲೆ ಎತ್ತಿದ. ಕಣ್ಣು ಒದ್ದೆಯಾಗಿತ್ತು.

"ತಂದು ಎಲ್ಲಿ ಕಟ್ತೀಯಾ? ಕುದುರೆ ಇಲ್ಲ ಅಂತ ನಿನ್ನ ಲಾಯ ನಾಳೆಗೆ ಖಾಲಿ ಮಾಡು ಅಂದಿದ್ದಾರಂತೆ."

"ಇಲ್ಲೇ ಕಟ್ತೀನಿ. ಆ ಕೋಣೆ ಖಾಲಿ ಇದೆಯಲ್ಲ." ವರ್ನಾ ಒಳಗೆ ಬಂದು ಹುಲ್ಲಿನ ಮೇಲೆ ಅವನ ಪಕ್ಕ ಕೂತಳು. "ಕ್ಲೋವರ್ ನನ್ನ ಲಾಯಕ್ಕೆ ಬರಬಾರದು ಅಂತ ನಿಯಮ ಇದೆ. ಸರಿ. ನಾನು ನಿನ್ನ ಲಾಯಕ್ಕೆ ಬರಬಾರದು ಅಂತ ಎಲ್ಲಾದ್ರೂ ಬರೆದಿದೆಯಾ?"

ಹಾಲಿಸ್ ಕಾಲು ನೀವುವುದನ್ನು ನಿಲ್ಲಿಸಿದ.

"ಇಲ್ಲ... ಹಂಗೇನೂ ಬರೆದಿಲ್ಲ. ಮೂವತ್ತು ದಿನಕ್ಕಾ?"

"ಎಷ್ಟು ದಿನಕ್ಕೆ ಅಂತ ಹೇಳಬೇಕಾದವನು ನೀನು ಕಣೋ ದಡ್ಡ! ಆರು ವಾರ ಬರೀ ನೀರು ತುಂಬಿದ್ದು ಸಾಕು."

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ಕೈ ಹಿಡಿದ. ಐಸಿನಲ್ಲಿ ಅದ್ದಿದ್ದ ಆ ಬೆರಳುಗಳು ಮರಗಟ್ಟುವಷ್ಟು ತಣ್ಣಗಿದ್ದವು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಜೀವ ಇರೋವರೆಗೂ ಇರ್ತೀಯಾ ವರ್ನಾ?"

"ಇರ್ತೀನಿ." ಅವಳು ಅವನ ತೋಳಿಗೆ ಹಣೆಯಿಟ್ಟು ಅತ್ತಳು, ಅಳುತ್ತಲೇ ನಕ್ಕಳು. "ಈಗ ಇನ್ನೊಂದಿಷ್ಟು ಐಸ್ ತಾ. ಇದೆಲ್ಲ ಕರಗಿಹೋಯ್ತು."